ಪಾಡ್‌ಕಾಸ್ಟ್ ಹುಟ್ಟಿದ ಬಗೆ

ಪಾಡ್‌ಕಾಸ್ಟ್‌ನ ಬೇರು ಇರುವುದು ಆರ್‌ಎಸ್‌ಎಸ್ ಎಂಬ ಸರಳ ಪಠ್ಯಕಡತದಲ್ಲಿ. ಜಾಲತಾಣದಲ್ಲಿ ಹೊಸತೇನು ಬಂದಿದೆ ಎಂದು ತಿಳಿಸುವುದಷ್ಟೇ ಮೊದಲು ಅದರ ಕೆಲಸವಾಗಿತ್ತು. ಅಮೆರಿಕದ ಡೇವ್ ವೈನರ್ 2000ದ ಕೊನೆಯಲ್ಲಿ ಅದರೊಳಗೆ ಧ್ವನಿಕಡತದ ವಿಳಾಸವನ್ನೂ ಸೇರಿಸುವ ಏರ್ಪಾಡು ಮಾಡಿದರು. ಈ ಯೋಚನೆಗೆ ಒತ್ತಾಸೆಯಾಗಿದ್ದವರು ಎಂಟಿವಿಯ ಮಾಜಿ ನಿರೂಪಕ ಆಡಮ್ ಕರ್ರಿ. ಹೊಸ ಕಂತುಗಳನ್ನು ತಾನಾಗಿಯೇ ಇಳಿಸಿಕೊಂಡು ಐಪಾಡ್‌ಗೆ ತುಂಬುವ ಪುಟ್ಟ ಪ್ರೋಗ್ರಾಮನ್ನು 2004ರಲ್ಲಿ ಬರೆದ ಅವರು, ಸ್ವಂತ ಕಾರ್ಯಕ್ರಮವನ್ನೂ ಶುರುಮಾಡಿದರು. 2005ರ ಜೂನ್‌ನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್‌ನಲ್ಲೇ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟಿತು. ಹವ್ಯಾಸಿಗಳ ಈ ಆಟ ಜನಸಾಮಾನ್ಯರ ಕಿವಿಗೆ ಬಿದ್ದದ್ದು ಆಮೇಲೆ.

ಹೊಸದಾಗಿ ಆರಂಭಿಸುವವರ ದಾರಿ ಇಂದಿಗೂ ಹೆಚ್ಚುಕಡಿಮೆ ಅದೇ. ಧ್ವನಿಮುದ್ರಿಸಿದ ಕಡತವನ್ನು ಹೋಸ್ಟಿಂಗ್ ಸೇವೆಗೆ ಏರಿಸಬೇಕು. ಅಲ್ಲಿ ಸಿಗುವ ಫೀಡ್‌ನ, ಅಂದರೆ ಆರ್‌ಎಸ್‌ಎಸ್ ಕಡತದ, ವಿಳಾಸವನ್ನು ಆಪಲ್, ಸ್ಪಾಟಿಫೈಗಳಿಗೆ ಒಮ್ಮೆ ಒಪ್ಪಿಸಿದರೆ ಮುಂದಿನ ಕಂತುಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಇನ್ನು ಧ್ವನಿಮುದ್ರಣಕ್ಕೆ ದುಬಾರಿ ಮೈಕಿಗಿಂತ, ಪ್ರತಿಧ್ವನಿಸದ ಕೋಣೆ ಹೆಚ್ಚು ಮುಖ್ಯ.