ಅಳತೆ ಪುಸ್ತಕದ ಹಿಂಬದಿ

ನನ್ನ ಅಂಗಡಿಯ ಅಳತೆ ಪುಸ್ತಕವನ್ನು ಎರಡು ಕಡೆಯಿಂದಲೂ ತೆರೆಯಬಹುದು. ಮುಂದಿನಿಂದ ತೆರೆದರೆ ರವಿಕೆ, ಚೂಡಿದಾರ್, ಶಾಲೆ ಯೂನಿಫಾರ್ಮ್‌ಗಳ ಎದೆ, ಸೊಂಟ, ತೋಳು. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಪದ್ಯ. ಎರಡೂ ನಡುವೆಲ್ಲೋ ಸಂಧಿಸಿದ ದಿನ ಹೊಸ ಪುಸ್ತಕ ತರುತ್ತೇನೆ. ಹೀಗೆ ಹನ್ನೊಂದು ಮುಗಿದಿವೆ.

ಕುಂದಾಪುರದ ಶಾಸ್ತ್ರಿ ಸರ್ಕಲ್‌ನಿಂದ ಸ್ವಲ್ಪ ಒಳಗೆ ನನ್ನ ಹೊಲಿಗೆ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿ. ಕವಿತೆ ದೊಡ್ಡವರ ಕೆಲಸ ಎಂದುಕೊಂಡಿದ್ದೆ. ಮೊಗೇರಿಯ ಗೋಪಾಲಕೃಷ್ಣ ಅಡಿಗರು ನಮ್ಮ ಕಡೆಯವರೇ ಆದರೂ (ಈಗ ಅದು ಬೈಂದೂರು ತಾಲೂಕು) ಅವರ ಪದ್ಯದ ಎದುರು ನನಗೆ ಇವತ್ತಿಗೂ ಉಸಿರು ಕಟ್ಟುತ್ತದೆ. ಧೈರ್ಯ ಕೊಟ್ಟದ್ದು ಗಿರಾಕಿಯೊಬ್ಬರು ಬೆಂಚಿನ ಮೇಲೆ ಮರೆತುಹೋದ ಪತ್ರಿಕೆ. ಅದರಲ್ಲಿ ಎಚ್. ಡುಂಡಿರಾಜರ ಹನಿಗವನಗಳಿದ್ದವು. ಅವರು 1956ರಲ್ಲಿ ಹುಟ್ಟಿದ್ದು ನಮ್ಮದೇ ಹಟ್ಟಿಕುದ್ರುವಿನಲ್ಲಿ. ಕುದ್ರು ಅಂದರೆ ಹೊಳೆ ನಡುವಿನ ನಡುಗಡ್ಡೆ. ಕೃಷಿ ವಿಜ್ಞಾನ ಓದಿ, ಬ್ಯಾಂಕಿನಲ್ಲಿ ದುಡಿಯುತ್ತಲೇ ಬರೆದವರು. ಲೆಡ್ಜರಿನ ಪಕ್ಕ ಪದ್ಯ ಬದುಕುವುದಾದರೆ ಹೊಲಿಗೆ ಮೆಷಿನ್ ಪಕ್ಕ ಯಾಕೆ ಬದುಕಬಾರದು?

ಸಣ್ಣ ಪದ್ಯ ಕನ್ನಡಕ್ಕೆ ಹೊಸದಲ್ಲ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ, ಅದಕ್ಕೆ ಸುಮಾರು 1300 ವರ್ಷ. ಸರ್ವಜ್ಞನದ್ದೂ ಮೂರೇ ಸಾಲು. ಉತ್ತರ ಕನ್ನಡದ ದಿನಕರ ದೇಸಾಯಿಯವರು (1909–1982) ನಾಲ್ಕು ಸಾಲಿನ ಚೌಪದಿಯನ್ನು ಮನೆಮಾತು ಮಾಡಿದರು. ರೈತರ ಹೋರಾಟ, ಶಾಲೆ ಕಟ್ಟುವ ಕೆಲಸ, ಸಂಸತ್ತು, ಇವೆಲ್ಲದರ ನಡುವೆ ಅವರಿಗೆ ಬಿಡುವು ಸಿಕ್ಕಿತು ಎನ್ನುವುದೇ ನನಗೊಂದು ಪಾಠ. ನನಗೆ ಇಸ್ತ್ರಿ ಪೆಟ್ಟಿಗೆ ಕಾಯುವಷ್ಟು ಹೊತ್ತು ಸಿಗುತ್ತದೆ. ಅಷ್ಟೇ ಸಾಕು.

ಹನಿಗವನದ ಕಸುಬು ಹೀಗೆ: ಮೊದಲ ಸಾಲುಗಳು ಓದುವವರನ್ನು ಗೊತ್ತಿದ್ದ ದಾರಿಯಲ್ಲೇ ಕರೆದೊಯ್ಯುತ್ತವೆ, ಕೊನೆಗೆ ಒಂದು ಪದ ಸದ್ದಿಲ್ಲದೆ ಮಗ್ಗುಲು ಬದಲಿಸುತ್ತದೆ. ಮೊದಲ ವರ್ಷದ ಮಳೆಗಾಲದಲ್ಲಿ ನಾನು ಬರೆದದ್ದು:

ಅಂಗಿಗೊಂದು ಗುಂಡಿ ಹಾಕಲು
ನನಗೆ ಒಂದು ನಿಮಿಷ;
ರಸ್ತೆ ತುಂಬ ಗುಂಡಿ ಹಾಕಲು
ಮಳೆಗೆ ಒಂದು ದಿವಸ.

ಆಟೋ ಸ್ಟ್ಯಾಂಡಿನವರು ಇದನ್ನು ಬಾಯಿಪಾಠ ಮಾಡಿದರು. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಎರಡು ಅರ್ಥದ ಪದ ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಯಿತು: ಅಡಿ, ಕಾಲು, ಕತ್ತರಿ. ಆಷಾಢದಲ್ಲಿ ಮದುವೆ ಇಲ್ಲ, ಹೊಲಿಗೆ ಕಡಿಮೆ. ಒಂದು ಆಷಾಢದಲ್ಲಿ ಕುಳಿತು ಹಳೆಯದನ್ನೆಲ್ಲ ಓದಿದೆ. ನಲವತ್ತು ಪದ್ಯವೂ ಒಂದೇ ಥಾನಿನಿಂದ ಕತ್ತರಿಸಿದ ಹಾಗಿದ್ದವು. ನಗು ಇತ್ತು, ಆದರೆ ಯಾವ ದಿನ, ಯಾರನ್ನು ಕಂಡು ಬರೆದೆ ಎಂಬುದು ಒಂದರಲ್ಲೂ ಇರಲಿಲ್ಲ.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಪದ್ಯದ ಕೆಳಗೆ ತಾರೀಕು, ಅದರ ಕೆಳಗೆ ಎರಡು ಸಾಲು ಬರೀ ಗದ್ಯ: ಇವತ್ತು ಏನು ಕಂಡೆ, ಅದು ಯಾಕೆ ಮನಸ್ಸಿನಲ್ಲಿ ಉಳಿಯಿತು. ಪದ್ಯ ಬಾರದ ದಿನ ಗದ್ಯ ಮಾತ್ರ. ಕೋಟೇಶ್ವರದ ಕೊಡಿ ಹಬ್ಬದ ಹಿಂದುಮುಂದಿನ ವಾರ ರವಿಕೆಗಳ ರಾಶಿ ಬಿದ್ದಿರುತ್ತದೆ, ಆಗ ತಾರೀಕು ಮಾತ್ರ. ಖಾಲಿ ತಾರೀಕು ಕಂಡರೆ ನನಗೆ ನಾಚಿಕೆ ಇಲ್ಲ, ಅಂಗಡಿಗೂ ರಜೆ ಇರುತ್ತದಲ್ಲ. ನಿಜ ಹೇಳಬೇಕೆಂದರೆ ತಿರುಗಿ ಓದುವಾಗ ಪದ್ಯಕ್ಕಿಂತ ಆ ಗದ್ಯವೇ ಹೆಚ್ಚು ಸಲ ಹಿಡಿದು ನಿಲ್ಲಿಸುತ್ತದೆ. ಮುಂದಿನ ಪದ್ಯ ಹುಟ್ಟುವುದೂ ಅಲ್ಲಿಂದಲೇ.

ಜಪಾನಿನ ಹಾಯ್ಕು ಗೊತ್ತಾದದ್ದು ತಡವಾಗಿ. ಹದಿನೇಳನೇ ಶತಮಾನದ ಬಾಶೋ ಊರೂರು ನಡೆದು, ದಾರಿಯ ಗದ್ಯದ ನಡುವೆ ಹಾಯ್ಕು ಇಟ್ಟು ಬರೆದನಂತೆ. ನನ್ನ ಎರಡು ಸಾಲಿಗೆ ಅಷ್ಟು ದೊಡ್ಡ ಹಿರಿಯನಿದ್ದಾನೆ ಎಂದು ಖುಷಿಯಾಯಿತು. ಆದರೆ ಕನ್ನಡದಲ್ಲಿ ಐದು-ಏಳು-ಐದು ಎಂದು ಬೆರಳು ಮಡಚುತ್ತ ಕೂರುವುದು ನನಗೆ ಒಗ್ಗದು. ಯಾರದೋ ಅಳತೆಗೆ ಇನ್ಯಾರದೋ ಬಟ್ಟೆ ಕತ್ತರಿಸಿದ ಹಾಗೆ. ಚುಟುಕಾಗಿ ಹೇಳುವುದನ್ನು ನಮ್ಮ ಕುಂದಾಪ್ರ ಕನ್ನಡಕ್ಕೆ ಯಾರೂ ಕಲಿಸಬೇಕಿಲ್ಲ. ಊರಿನ ಹೆಸರನ್ನೇ ಮೊಟಕು ಮಾಡಿದವರು ನಾವು. 'ಹೋಗಬೇಕು' ನಮ್ಮಲ್ಲಿ 'ಹೋಯ್ಕ್', 'ಬರಬೇಕು' ಅಂದರೆ 'ಬರ್ಕ್'.

ಗಂಗೊಳ್ಳಿ ಕಡೆಯ ಒಬ್ಬರು ಮೀನು ಮಾರುವ ಅಮ್ಮ ವರ್ಷಕ್ಕೆ ಎರಡು ರವಿಕೆ ಹೊಲಿಸುತ್ತಾರೆ. ಸಾಮಾನ್ಯವಾಗಿ ನಾವು ಒಂದೇ ತೋಳಿನ ಅಳತೆ ತೆಗೆಯುವುದು. ಬಲತೋಳು ಬಿಗಿ, ಬಲತೋಳು ಬಿಗಿ ಎಂದು ಅವರು ಪ್ರತಿ ಸಲ ದೂರುತ್ತಿದ್ದರು. ನಾನು ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕಳಿಸುತ್ತಿದ್ದೆ. ಒಂದು ಸಲ ಎರಡೂ ತೋಳಿಗೆ ಟೇಪು ಹಿಡಿದೆ. ಎಡ ಹನ್ನೆರಡು ಇಂಚು, ಬಲ ಹನ್ನೆರಡೂವರೆ. ಅವರ ತಲೆಯ ಮೇಲಿನ ಬುಟ್ಟಿ, ಅದನ್ನು ಎತ್ತಿ ಹಿಡಿದ ಕೈ, ಇಷ್ಟು ವರ್ಷ ನೋಡಿಯೂ ನಾನು ನೋಡಿರಲಿಲ್ಲ. ಸಂಜೆ ಪುಸ್ತಕ ತಿರುಗಿಸಿ ಬರೆದೆ:

ಎರಡು ತೋಳಿಗೆ ಎರಡು ಅಳತೆ:
ಬುಟ್ಟಿ ಎತ್ತಿ ಹಿಡಿದ ಕೈಗೆ
ಅರ್ಧ ಇಂಚು ಜಾಸ್ತಿ ಬಟ್ಟೆ.

ಇದರಲ್ಲಿ ಪ್ರಾಸ ಇಲ್ಲ, ಆಟೋ ಸ್ಟ್ಯಾಂಡಿಗೆ ಹೋಗುವ ಪದ್ಯವಲ್ಲ. ರವಿಕೆ ಒಯ್ಯಲು ಬಂದಾಗ ಅವರಿಗೇ ಓದಿ ಹೇಳಿದೆ. ಬುಟ್ಟಿ ಇಳಿಸದೆ ನಿಂತೇ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಂಟದ ಚೀಲಕ್ಕೆ ಕೈ ಹಾಕುತ್ತ ಅಂದರು: "ಹ್ವಾಯ್, ಹಂಗಾರೆ ಆ ಅರ್ಧ ಇಂಚಿಗ್ ಬೇರೆ ದುಡ್ಡ್ ಕೊಡ್ಕಾ?"