ಕರಕಲಾದ ಕಾಳು ಹೇಳುವುದೆಷ್ಟು, ನಾವು ಹೇಳಿಸುವುದೆಷ್ಟು?

ಕೇರಳಕ್ಕೆ ಹೋಗಿ ಬಂದವರು ತೈಲ, ಲೇಹ್ಯಗಳ ಜೊತೆ ‘ಇದು ಐದು ಸಾವಿರ ವರ್ಷದ ಔಷಧಿ’ ಎಂಬ ಮಾತನ್ನೂ ಹೊತ್ತು ತರುತ್ತಾರೆ. ಸಾಕ್ಷಿ ಎಲ್ಲಿ ಎಂದರೆ, ‘ನೆಲ ಅಗೆದಾಗ ಬೀಜ ಸಿಕ್ಕಿದೆಯಂತಲ್ಲ’ ಎನ್ನುತ್ತಾರೆ. ಬೀಜ ಸಿಕ್ಕಿರುವುದು ನಿಜ. ಅದರ ಬಾಯಲ್ಲಿ ನಾವು ಹೇಳಿಸುವ ಮಾತುಗಳೆಲ್ಲ ನಿಜವಲ್ಲ.

ತಪ್ಪು ಕಲ್ಪನೆ 1: ಗಿಡ, ಬೇರು, ಕಾಳು ಮಣ್ಣಿನಲ್ಲಿ ಕೊಳೆತುಹೋಗುತ್ತವೆ, ಕುರುಹು ಉಳಿಯುವುದಿಲ್ಲ.

ಸತ್ಯ: ಬೆಂಕಿಯಲ್ಲಿ ಕರಕಲಾದದ್ದು, ಗಾಳಿಯಾಡದ ಕೆಸರಿನಲ್ಲಿ ಹೂತದ್ದು ಉಳಿಯುತ್ತದೆ. ಕೊಚ್ಚಿಯ ಉತ್ತರಕ್ಕೆ, ಪರವೂರಿನ ಬಳಿಯ ಪಟ್ಟಣಂನಲ್ಲಿ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು 2007ರಲ್ಲಿ ಉತ್ಖನನ ಆರಂಭಿಸಿತು. ಅಲ್ಲಿನ ಕೆಸರಿನಿಂದ ಸುಮಾರು 6 ಮೀಟರ್ ಉದ್ದದ ದೋಣಿ ಮೇಲೆದ್ದಿತು. ಎರಡು ಸಾವಿರ ವರ್ಷ ಹಳೆಯದು, ಆಞ್ಞಿಲಿ ಮರದ್ದು, ನಮ್ಮ ಹೆಬ್ಬಲಸು. ಸಣ್ಣ ಬೀಜಗಳನ್ನು ಹುಡುಕುವ ವಿಧಾನವನ್ನು ಅಡುಗೆಮನೆಯವರಿಗೆ ಕಲಿಸಬೇಕಿಲ್ಲ: ಅಕ್ಕಿ ತೊಳೆಯುವಾಗ ಜೊಳ್ಳು ತೇಲುವಂತೆ, ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಕರಕಲಾದ ಬೀಜಗಳು ಮೇಲೆ ಬರುತ್ತವೆ. ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದಡಿ ಗುರುತಿಸುತ್ತಾರೆ.

ತಪ್ಪು ಕಲ್ಪನೆ 2: ಮೂಲಿಕೆ ಸಿಕ್ಕಿತೆಂದರೆ ಅಲ್ಲಿ ವೈದ್ಯ ನಡೆಯುತ್ತಿತ್ತು.

ಸತ್ಯ: ಪಟ್ಟಣಂನಲ್ಲಿ ಕಾಳುಮೆಣಸೂ ಸಿಕ್ಕಿದೆ, ಮಲಯಾಳಿಗಳು ಕುಂದಿರಿಕ್ಕಂ ಎನ್ನುವ ಧೂಪದ ಅಂಟೂ ಸಿಕ್ಕಿದೆ. ಮೆಣಸು ಸಾರಿಗೂ ಆಗುತ್ತದೆ, ಕಷಾಯಕ್ಕೂ ಆಗುತ್ತದೆ. ಹಡಗಿಗೆ ಏರಿದರೆ ಬರೀ ಸರಕು. ಈಜಿಪ್ಟಿನ ಬೆರೆನಿಕೆ ಬಂದರಿನಲ್ಲಿ ಭಾರತದ ಹರವಿಯೊಂದರಲ್ಲಿ ಏಳೂವರೆ ಕಿಲೋ ಕಾಳುಮೆಣಸು ಸಿಕ್ಕಿದ್ದು ದೇವಾಲಯದಲ್ಲಿ. ಅದಕ್ಕೂ ಹಿಂದೆ, ಕ್ರಿ.ಪೂ. 13ನೇ ಶತಮಾನದ ದೊರೆ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಮೆಣಸಿನ ಕಾಳುಗಳಿದ್ದವು. ಅದು ಶವಸಂಸ್ಕಾರ, ನೆಗಡಿಯ ಮದ್ದಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕರಕಲಾದ ಹುರುಳಿ ಸಿಕ್ಕಿದೆ. ಅಜ್ಜಿ ಹುರುಳಿ ಕಟ್ಟನ್ನು ಮದ್ದೆಂದು ಕೊಟ್ಟಿರಬಹುದು. ಆ ಕಾಳು ಮಾತ್ರ ಊಟದ್ದೆಂದು ತಿಳಿಯುವುದೇ ಸರಿ. ಕಾಳು ಯಾವುದು ಎಂಬುದಕ್ಕಿಂತ ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದೇ ಮುಖ್ಯ.

ತಪ್ಪು ಕಲ್ಪನೆ 3: ನಾಟಿ ವೈದ್ಯದ ಗಿಡಗಳೆಲ್ಲ ಈ ನೆಲದಲ್ಲೇ ಹುಟ್ಟಿದವು.

ಸತ್ಯ: ಪರಂಗಿ ಹಣ್ಣು, ಗೇರು, ಮೆಣಸಿನಕಾಯಿ ಅಮೆರಿಕ ಖಂಡದವು, ಪೋರ್ಚುಗೀಸರ ಕಾಲದಲ್ಲಿ ಬಂದವು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಹಿಂದೆ ‘ಮೆಣಸು’ ಎಂದರೆ ಬಳ್ಳಿಯ ಕಾಳು ಮಾತ್ರ. ಹೊಸ ಕಾಯಿ ಬಂದು ಆ ಹೆಸರನ್ನು ಹಂಚಿಕೊಂಡ ಮೇಲೆ ಹಳೆಯದು ಕಾಳುಮೆಣಸಾಯಿತು, ಒಳ್ಳೆಮೆಣಸಾಯಿತು.

ತಪ್ಪು ಕಲ್ಪನೆ 4: ಮಲಬಾರಿನ ಮೂಲಿಕೆಗಳನ್ನು ಜಗತ್ತಿಗೆ ತಿಳಿಸಿದ್ದು ಡಚ್ಚರು.

ಸತ್ಯ: ಅಚ್ಚು ಹಾಕಿಸಿದ್ದು ಅವರು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಂಸ್ಟರ್‌ಡಾಂನಲ್ಲಿ 12 ಸಂಪುಟಗಳಲ್ಲಿ ಬಂತು. ಗಿಡಗಳ ಗುಣ ಹೇಳಿದವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿಗರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಈ ಮೂವರು 1675ರಲ್ಲಿ ಬರೆದುಕೊಟ್ಟ ಕೊಂಕಣಿ ಪ್ರಮಾಣಪತ್ರ ನಾಗರಿ ಲಿಪಿಯಲ್ಲೇ ಪುಸ್ತಕದಲ್ಲಿ ಅಚ್ಚಾಗಿದೆ. ಲ್ಯಾಟಿನ್‌ನಲ್ಲಿದ್ದ ಆ ಗ್ರಂಥವನ್ನು ಕೆ.ಎಸ್. ಮಣಿಲಾಲ್ ಇಂಗ್ಲಿಷಿಗೆ ತಂದರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಪ್ರಕಟಿಸಿತು.

ತಪ್ಪು ಕಲ್ಪನೆ 5: ಹಳೆಯದಾದರೆ ಅಪಾಯವಿಲ್ಲ, ಗುಣವಂತೂ ಖಚಿತ.

ಸತ್ಯ: ಗುಲಗಂಜಿ ಹಳೆಯ ಔಷಧಿಯೇ. ಶೋಧನೆ, ಅಂದರೆ ವಿಷ ಕಳೆಯುವ ಶುದ್ಧಿ, ಮಾಡದೆ ಕೊಡಬಾರದೆಂಬ ಕಟ್ಟಳೆಯೂ ಅಷ್ಟೇ ಹಳೆಯದು. ಅಗಿದು ನುಂಗಿದ ಬೀಜ ಪ್ರಾಣ ತೆಗೆಯಬಲ್ಲದು. ಸರಿಯಾದ ದಾರಿಗೆ ತಿರುವನಂತಪುರದ ಕಡೆಯಲ್ಲೇ ಉದಾಹರಣೆಯಿದೆ. 1987ರಲ್ಲಿ ಅಗಸ್ತ್ಯಮಲೆ ಹತ್ತುವಾಗ ಕಾಣಿ ಬುಡಕಟ್ಟಿನವರು ದಣಿವಾರಲು ತಿನ್ನುತ್ತಿದ್ದ ಆರೋಗ್ಯಪಚ್ಚೆಯ ಹಣ್ಣು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಆಮೇಲೆ ‘ಜೀವನಿ’ ಎಂಬ ಔಷಧಿ ಬಂತು. ಪರವಾನಗಿ ಹಣದ ಅರ್ಧ ಪಾಲನ್ನು ಕಾಣಿಗಳಿಗೆ ಮೀಸಲಿಟ್ಟರು.

ಮಣ್ಣಿನ ಕಾಳು ‘ನಾನು ಇಲ್ಲಿದ್ದೆ’ ಎನ್ನುತ್ತದೆ, ಓಲೆಗರಿ ‘ಹೀಗೆ ಬಳಸಿದರು’ ಎನ್ನುತ್ತದೆ. ರೋಗ ವಾಸಿಯಾಗುತ್ತದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಮುಂದಿನ ಸಲ ಯಾರಾದರೂ ಸೀಸೆ ಹಿಡಿದು ಸಾವಿರಾರು ವರ್ಷಗಳ ಲೆಕ್ಕ ಕೊಟ್ಟರೆ, ವಯಸ್ಸು ಕೇಳಬೇಡಿ, ಪರೀಕ್ಷೆಯ ಫಲಿತಾಂಶ ಕೇಳಿ.