ಮೇಲೆ ಬೆವರು, ಕೆಳಗೆ ನಡುಕ!

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಾ? ಅದೂ ಚಳಿಗಾಲದಲ್ಲಿ, ವರ್ಮಾಂಟ್, ಮೇನ್ ಕಡೆಗೆ? ಹಾಗಾದರೆ ಸ್ವೆಟರ್, ಚಟ್ನಿಪುಡಿ ಜತೆಗೆ ಈ ಒಂದಿಷ್ಟು ವಿಷಯವನ್ನೂ ಕಟ್ಟಿಕೊಂಡು ಹೋಗಿ. ಅಲ್ಲಿನ ಎಷ್ಟೋ ಮನೆಗಳನ್ನು ಇವತ್ತಿಗೂ ಬೆಚ್ಚಗಿಡೋದು ಕಟ್ಟಿಗೆ ಒಲೆ. ಹಾಲ್‌ನಲ್ಲಿ ಕಬ್ಬಿಣದ ಒಲೆ ಧಗಧಗ ಉರೀತಿರುತ್ತೆ. ಆದರೆ ಬಂದವರಿಗೆ ಕೊಡುವ ಕೋಣೆ ಕೆಳಗೆ, ಬೇಸ್‌ಮೆಂಟಿನಲ್ಲಿದ್ದರೆ?

ಕೆಳಗೆ ಯಾಕೆ ಚಳಿ?

ಬಿಸಿಗಾಳಿ ಮೇಲಕ್ಕೇ ಏರುತ್ತೆ. ಫ್ಯಾನ್ ಇಟ್ಟು ಕೆಳಗೆ ತಳ್ಳಿದರೂ ಅಷ್ಟಕ್ಕಷ್ಟೇ. ಇನ್ನೊಂದು ತಮಾಷೆ ಕೇಳಿ. ಕಟ್ಟಿಗೆ ಒಲೆಯ ಜತೆಗೆ ಗ್ಯಾಸ್ ಅಥವಾ ಎಣ್ಣೆಯ ಫರ್ನೇಸ್ ಇರುವ ಮನೆಗಳೂ ಉಂಟು. ಅದರ ಥರ್ಮೋಸ್ಟ್ಯಾಟ್ ಹಾಲ್‌ನಲ್ಲೇ ಇದ್ದರೆ, ಒಲೆಯ ಶಾಖಕ್ಕೆ ‘ಮನೆಯೆಲ್ಲಾ ಬೆಚ್ಚಗಿದೆ’ ಅಂದ್ಕೊಂಡು ಫರ್ನೇಸ್ ಸುಮ್ಮನಾಗಿಬಿಡುತ್ತೆ. ಮೇಲೆ ಒಲೆ ಚೆನ್ನಾಗಿ ಉರಿದಷ್ಟೂ ಕೆಳಗೆ ಚಳಿ! ತೀರಾ ತಣ್ಣಗಾದರೆ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯುವ ಭಯವೂ ಇದೆ. ಹಾಗಾಗಿ ಕೆಳಗಿನ ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯದಂತೆ ನೋಡಿಕೊಳ್ಳೋದು ಒಳ್ಳೇದು.

ಮೊದಲು ಸಂದು ಮುಚ್ಚಿ

ತೂತು ಕೊಡಕ್ಕೆ ಎಷ್ಟು ನೀರು ಹಾಕಿದರೇನು? ಅಡಿಪಾಯದ ಗೋಡೆಯ ಮೇಲೆ ಮರದ ತೊಲೆಗಳು ಕೂರುವ ಜಾಗದಲ್ಲಿ ತಣ್ಣನೆ ಗಾಳಿ ನುಗ್ಗುತ್ತೆ. ಅಲ್ಲಿ ಸಂದು ಮುಚ್ಚಿಸಿ, ಗೋಡೆಗೆ ಇನ್ಸುಲೇಶನ್ ಹಾಕಿಸಲು ಅಳಿಯನಿಗೆ ಮೊದಲೇ ಹೇಳಿ. ಗೋಡೆಯಲ್ಲಿ ತೇವ ಇದ್ದರೆ ಮೊದಲು ಅದನ್ನು ಸರಿಮಾಡಿಸಬೇಕು.

ಯಾವುದು ಸೂಕ್ತ?

* ಕೆಲವೇ ತಿಂಗಳ ವಾಸವಾದರೆ ಎಣ್ಣೆ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ಸಾಕು. ಸದ್ದಿಲ್ಲ, ಹೊಗೆಯಿಲ್ಲ. 1500 ವ್ಯಾಟಿನದು 8 ಗಂಟೆ ಬಿಡದೆ ಉರಿದರೆ 12 ಯೂನಿಟ್ ಕರೆಂಟ್. ನೇರವಾಗಿ ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಶನ್ ವಯರ್ ಬೇಡ. ಹಾಸಿಗೆ, ಪರದೆಯಿಂದ 3 ಅಡಿ ದೂರವಿರಲಿ.

* ವರ್ಷವರ್ಷವೂ ಬಳಸುವ ಕೋಣೆಯಾದರೆ ಗೋಡೆಗೆ ಕೂರಿಸುವ ಹೀಟ್ ಪಂಪ್ ವಾಸಿ. ನಮ್ಮ ಸ್ಪ್ಲಿಟ್ ಏಸಿಯ ಥರವೇ. ಹಾಕಿಸಲು ದುಬಾರಿ. ಆದರೆ ಒಂದು ಯೂನಿಟ್ ಕರೆಂಟಿಗೆ ಸಾಮಾನ್ಯವಾಗಿ ಎರಡು ಮೂರು ಪಟ್ಟು ಶಾಖ ಕೊಡುತ್ತೆ. ಚಳಿಪ್ರದೇಶಕ್ಕೆಂದೇ ಮಾಡಿದ್ದನ್ನು ಕೊಳ್ಳಬೇಕು.

* ಕೆಳಗೂ ಒಂದು ಕಟ್ಟಿಗೆ ಒಲೆ? ಯೋಚಿಸಿ. ಅದಕ್ಕೆ ಪ್ರತ್ಯೇಕ ಹೊಗೆಕೊಳವೆ ಬೇಕು. ಮನೆಯ ಬಿಸಿಗಾಳಿ ಮೇಲಿನಿಂದ ಹೊರಹೋಗುವಾಗ ಕೆಳಗಿನಿಂದ ಗಾಳಿ ಎಳೆಯುತ್ತೆ. ನಡುರಾತ್ರಿ ಬೆಂಕಿ ತಗ್ಗಿದಾಗ ಹೊಗೆ ವಾಪಸ್ ಕೋಣೆಗೇ ಬರಬಹುದು.

ಕೆಂಡ ಬೇಡವೇ ಬೇಡ

ಮಗುವಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ, ಬಾಣಂತಿಯ ಮಂಚದ ಕೆಳಗೆ ಕೆಂಡ, ಇವೆಲ್ಲ ನಮ್ಮಲ್ಲಿ ರೂಢಿ. ಹೆಂಚಿನ ಮನೆಯಲ್ಲಿ ಸಂದಿಗೊಂದಿಯಿಂದ ಒಂದಿಷ್ಟು ಗಾಳಿಯಾದರೂ ಆಡ್ತಿತ್ತು. ಮುಚ್ಚಿದ ಬೇಸ್‌ಮೆಂಟಿನಲ್ಲಿ ಅದೇ ಕೆಂಡ ಜೀವ ತೆಗೆಯಬಲ್ಲದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಗೊತ್ತೇ ಆಗೋಲ್ಲ. ಹೊಗೆಕೊಳವೆಯಿಲ್ಲದ ಸೀಮೆಎಣ್ಣೆ ಹೀಟರಿಗೂ ಇದೇ ಮಾತು. ಬೆಚ್ಚಗಿರಲಿ ಅಂತ ಮಾಡಿದ್ದು ತಾಯಿ ಮಗುವಿಗೇ ಮುಳುವಾಗಬಾರದು. ಮಗುವಿಗೆ ಟೋಪಿ, ಕಾಲುಚೀಲ, ಅಮ್ಮನ ಮಡಿಲು ಸಾಕು.

ಹೊರಡುವ ಮುನ್ನ ಮಗಳಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಪ್ರತಿ ಅಂತಸ್ತಿನಲ್ಲೂ, ಮಲಗುವ ಕೋಣೆಯ ಹತ್ತಿರವೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ? ಈ ವರ್ಷ ಚಿಮಣಿ ಗುಡಿಸಿಸಿದ್ದೀರಾ? ಬೇಸ್‌ಮೆಂಟಿನಲ್ಲಿ ಆಪತ್ತಿಗೆ ಹೊರಗೆ ದಾಟುವಷ್ಟು ದೊಡ್ಡ ಕಿಟಕಿ ಇದೆಯಾ? ಒಂದಕ್ಕೆ ‘ಇಲ್ಲ’ ಅಂದರೂ ಸಂಕೋಚ ಬೇಡ. ಅದು ಸರಿಹೋಗುವ ತನಕ ಮೇಲೇ ಹಾಸಿಗೆ ಹಾಕಿಸಿಕೊಳ್ಳಿ!